ತಟ್ಟೆ ಸರಿಯಾಗಿಯೇ ತಿರುಗುತ್ತಿದೆ, ತೂತು ಎಲ್ಲಿದೆ ನೋಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಹಳೆಯ ಮನೆಗಳ ಅಟ್ಟದಿಂದ ರೆಕಾರ್ಡ್ ಪ್ಲೇಯರುಗಳು ಮತ್ತೆ ಕೆಳಗಿಳಿಯುತ್ತಿವೆ. ಗಲ್ಫಿನಲ್ಲಿ ದುಡಿದವರು ತಂದಿಟ್ಟದ್ದು ಕೆಲವು, ಮುಂಬಯಿಯಿಂದ ಬಂದದ್ದು ಕೆಲವು. ಧೂಳು ಒರೆಸಿದ ಮರುಕ್ಷಣ ಚರ್ಚೆ ಶುರುವಾಗುತ್ತದೆ: ತಿರುಗುವ ವೇಗ ಹಳೆಯದರಲ್ಲಿ ಕರಾರುವಾಕ್ಕೋ, ಲಕ್ಷಗಟ್ಟಲೆ ಬೆಲೆಯ ಹೊಸದರಲ್ಲೋ? ಹಳೆಯದರ ಜೀವಕಳೆ ಹೊಸದಕ್ಕೆ ಬಾರದು ಎನ್ನುವವರು ಒಂದು ಕಡೆ. ವೇಗ ಕಾಯುವ ಕ್ವಾರ್ಟ್ಜ್ ಹರಳಿಲ್ಲದ ಯಂತ್ರವನ್ನು ಮುಟ್ಟಲೇಬಾರದು ಎನ್ನುವವರು ಇನ್ನೊಂದು ಕಡೆ. ಈ ಜಗಳದಲ್ಲಿ ಇಬ್ಬರೂ ನೋಡದೆ ಬಿಡುವ ಆರೋಪಿಯೊಬ್ಬ ಇದ್ದಾನೆ. ಅವನು ಯಂತ್ರದೊಳಗಿಲ್ಲ, ಯಂತ್ರದ ಮೇಲೆ ಕೂತಿದ್ದಾನೆ: ರೆಕಾರ್ಡು.

ಎಲ್‌ಪಿ ಎಂಬ ದೊಡ್ಡ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗಬೇಕು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಇದರಲ್ಲಿ ಆಗಬಹುದಾದ ತಪ್ಪು ಎರಡು ಬಗೆಯದು. ಒಂದು, ಸರಾಸರಿ ವೇಗವೇ ಸ್ವಲ್ಪ ಹೆಚ್ಚೋ ಕಡಿಮೆಯೋ ಇರುವುದು. ಇನ್ನೊಂದು, ಸರಾಸರಿ ಸರಿಯಿದ್ದೂ ವೇಗ ಕ್ಷಣಕ್ಷಣಕ್ಕೆ ಏರಿಳಿಯುವುದು. ಯಕ್ಷಗಾನದ ಭಾಗವತರು ಇಡೀ ರಾತ್ರಿಯ ಆಟವನ್ನು ಹಾರ್ಮೋನಿಯಂನ ಬಿಳಿ ಐದರ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ ಹಾಡಿದರು, ಮದ್ದಳೆಯೂ ಅದಕ್ಕೇ ಕೂಡಿತ್ತು ಅನ್ನಿ. ಬೆಳಗಾಗುವ ತನಕ ಯಾರಿಗೂ ತಿಳಿಯುವುದಿಲ್ಲ. ಆದರೆ ಒಂದೇ ಪದ್ಯದ ನಡುವೆ ಅವರ ಷಡ್ಜ ಮೇಲೆ ಕೆಳಗೆ ಜಾರಿತೋ, ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುವವರೂ ತಲೆ ಎತ್ತುತ್ತಾರೆ. ನಮ್ಮ ಕಿವಿ ಮೊದಲನೆಯದಕ್ಕೆ ಉದಾರಿ, ಎರಡನೆಯದಕ್ಕೆ ನಿಷ್ಕರುಣಿ.

ಲೆಕ್ಕದಲ್ಲಿ ಹೇಳುವುದಾದರೆ, ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ, ಕಪ್ಪನ್ನೂ ಸೇರಿಸಿ, ಇರುವ ಅಂತರವನ್ನು 100 ಸೆಂಟ್ ಎಂದು ಎಣಿಸುತ್ತಾರೆ. 33.33ರ ಬದಲು 33.43 ಸುತ್ತು ತಿರುಗಿದರೆ ಸ್ವರ ಏರುವುದು 5 ಸೆಂಟ್ ಮಾತ್ರ. ಪಕ್ಕದಲ್ಲಿ ಇನ್ನೊಂದು ವಾದ್ಯ ನುಡಿಸಿ ಹೋಲಿಸದೆ ಅದನ್ನು ಗುರುತಿಸುವವರು ಬಹಳ ಅಪರೂಪ. ಈಗ ಮೊಬೈಲನ್ನು ರೆಕಾರ್ಡು ಕೂರುವ ತಟ್ಟೆಯ ಮೇಲಿಟ್ಟು ವೇಗ ಅಳೆಯುವ ಆ್ಯಪ್‌ಗಳು ಬಂದಿವೆ, ಪರದೆಯಲ್ಲಿ 33.5 ಕಂಡ ಕೂಡಲೇ ನಿದ್ದೆಗೆಡುವವರೂ ಇದ್ದಾರೆ. ಮೊಬೈಲಿನೊಳಗೆ ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪು ಆಟಕ್ಕೆ, ಫೋಟೋಕ್ಕೆ ಸಾಕಾಗುವಂತೆ ಮಾಡಿದ್ದು. ಅದೇ ಶೇಕಡಾ ಅರ್ಧದಷ್ಟು ತಪ್ಪು ತೋರಿಸಿದರೆ ಆಶ್ಚರ್ಯವಿಲ್ಲ. ಅಂಥ ಅಳತೆಗೋಲು ಹಿಡಿದು ಒಳ್ಳೆಯ ಯಂತ್ರದ ಮೋಟಾರನ್ನು ಬಿಚ್ಚಿ ಹಾಕುವುದು ಅನ್ಯಾಯ.

ಸರಾಸರಿ ವೇಗದ ಕತೆಯಲ್ಲಿ ನಮ್ಮ ಊರಿನ ಕರೆಂಟಿಗೆ ದೊಡ್ಡ ಪಾತ್ರವಿದೆ. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಹೊರತಂದ, ಮೋಟಾರು ಬೆಲ್ಟಿನ ಮೂಲಕ ತಟ್ಟೆಯನ್ನು ತಿರುಗಿಸುವ ಬೆಲ್ಟ್ ಯಂತ್ರವಾಗಲಿ, 1970ರ ದಶಕದ ಲಿನ್ ಸೋಂಡೆಕ್ ಎಂಬ ಯಂತ್ರವಾಗಲಿ, ಸಿಂಕ್ರೊನಸ್ ಮೋಟಾರಿನಿಂದ ನಡೆಯುವಂಥವು. ಈ ಮೋಟಾರಿಗೆ ವೋಲ್ಟೇಜು ಹೆಚ್ಚು ಕಡಿಮೆಯಾದರೆ ಚಿಂತೆಯಿಲ್ಲ, ಅದು ನೋಡುವುದು ಕರೆಂಟಿನ ಆವರ್ತನವನ್ನು, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು. ನಮ್ಮಲ್ಲಿ ಅದು 50 ಹರ್ಟ್ಸ್ ಇರಬೇಕು. ಆದರೆ 1990ರ ದಶಕದಲ್ಲಿ ವಿದ್ಯುತ್ತಿನ ಕೊರತೆಯ ದಿನಗಳಲ್ಲಿ ದಕ್ಷಿಣದ ಜಾಲದ ಆವರ್ತನ 48ರ ಹತ್ತಿರಕ್ಕೂ ಇಳಿಯುತ್ತಿತ್ತು. 50ರಲ್ಲಿ 2 ಕಡಿಮೆಯೆಂದರೆ ಶೇಕಡಾ 4. ಸ್ವರ 70 ಸೆಂಟ್ ಕೆಳಗೆ, ಅಂದರೆ ಮುಕ್ಕಾಲು ಮನೆಯಷ್ಟು. ಯೂರೋಪಿನಲ್ಲಿ ಗಡಿಯಾರದಂತೆ ನಡೆದ ಯಂತ್ರ ಇಲ್ಲಿ ಸಂಜೆ ಏಳರ ಹೊತ್ತಿಗೆ ಸೊಪ್ಪಗಾದರೆ ಅದು ಯಂತ್ರದ ದೋಷವಾಗಿರಲಿಲ್ಲ.

ಸೌದಿಯಿಂದ ಬಂದ ಯಂತ್ರಗಳ ಪಾಡು ಇನ್ನೂ ಕಷ್ಟ. ದುಬೈ, ಕುವೈತ್, ಮಸ್ಕತ್‌ಗಳಲ್ಲಿ ಆವರ್ತನ ನಮ್ಮಂತೆ 50 ಹರ್ಟ್ಸ್, ಸೌದಿಯಲ್ಲಿ 60. ಅಲ್ಲಿನ ಲೆಕ್ಕಕ್ಕೆ ಗಾಲಿ ಕೂಡಿಸಿದ ಬೆಲ್ಟ್ ಯಂತ್ರವನ್ನು ಇಲ್ಲಿನ ಪ್ಲಗ್ಗಿಗೆ ಚುಚ್ಚಿದರೆ ತಟ್ಟೆ ನಿಮಿಷಕ್ಕೆ ಸುಮಾರು 27.8 ಸುತ್ತು ತಿರುಗುತ್ತದೆ. ಸ್ವರ ಮೂರು ಮನೆಗಿಂತಲೂ ತುಸು ಹೆಚ್ಚು ಕುಸಿಯುತ್ತದೆ. ಬಿಳಿ ಐದರಲ್ಲಿ ಹಾಡಿದ್ದು ಬಿಳಿ ಮೂರಕ್ಕೆ ಬೀಳುತ್ತದೆ. ಯಂತ್ರ ಹಾಳಾಗಿದೆಯೆಂದು ಗುಜರಿಗೆ ಹಾಕುವ ಮೊದಲು ಅದರ ಹಿಂಬದಿಯ ಚೀಟಿಯಲ್ಲಿ 60 ಎಂದಿದೆಯೇ ನೋಡಿ. ವೋಲ್ಟೇಜು ಹೊಂದುವುದಾದರೆ, ಮೋಟಾರಿನ ಪುಟ್ಟ ಗಾಲಿಯೊಂದನ್ನು ಬದಲಾಯಿಸಿದರೆ ಸಾಕಾಗುತ್ತದೆ.

ವೇಗ ಪರೀಕ್ಷಿಸಲು, ತಟ್ಟೆಯ ಮೇಲಿಟ್ಟು ಮಿನುಗುವ ದೀಪದಲ್ಲಿ ನೋಡುವ, ಗೆರೆ ಎಳೆದ ಸ್ಟ್ರೋಬ್ ಹಾಳೆಯನ್ನು ನಂಬುವವರಿಗೂ ಒಂದು ಮಾತು. 50 ಹರ್ಟ್ಸ್ ಕರೆಂಟಿನ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆದ್ದರಿಂದ 33⅓ಕ್ಕೆ 180 ಗೆರೆ ಬೇಕು. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಆದರೆ ಆವರ್ತನ 48ಕ್ಕೆ ಇಳಿದಾಗ ದೀಪವೂ ನಿಧಾನ, ಸಿಂಕ್ರೊನಸ್ ಮೋಟಾರೂ ಅಷ್ಟೇ ನಿಧಾನ. ಗೆರೆಗಳು ಆಗಲೂ ಕಲ್ಲಿನಂತೆ ನಿಂತಿರುತ್ತವೆ! ಸಾಕ್ಷಿ ಹೇಳುವವನೂ ಆರೋಪಿಯೂ ಒಂದೇ ತಂತಿಯಿಂದ ಉಣ್ಣುವಾಗ ಸಾಕ್ಷ್ಯಕ್ಕೆ ಏನು ಬೆಲೆ? ಸಣ್ಣ ರೆಕಾರ್ಡುಗಳ 45ರ ವೇಗಕ್ಕಂತೂ 133⅓ ಗೆರೆ ಬೇಕಾಗುತ್ತದೆ. ಮೂರನೇ ಒಂದು ಗೆರೆ ಎಳೆಯಲಾಗದು ಎಂದು 133 ಗೆರೆ ಹಾಕುತ್ತಾರೆ. ಅದನ್ನು ನಿಲ್ಲಿಸಿದವರ ತಟ್ಟೆ 45.11ರಲ್ಲಿ ತಿರುಗುತ್ತಿರುತ್ತದೆ.

ಈಗ ಪರಿಸ್ಥಿತಿ ಬದಲಾಗಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿಯ ಮೂಲಕ ದಕ್ಷಿಣದ ವಿದ್ಯುತ್ ಜಾಲ ಉಳಿದ ಭಾರತದ ಜಾಲಕ್ಕೆ ಜೋಡಣೆಯಾಯಿತು. ಇಂದು ನಿಯಮ ಹೇಳುವ ಆವರ್ತನದ ಮಿತಿ 49.90ರಿಂದ 50.05. ಈ ಮಿತಿಯೊಳಗೆ ಸ್ವರ ಹೆಚ್ಚೆಂದರೆ 3–4 ಸೆಂಟ್ ಜಾರೀತು. 1975ರಲ್ಲಿ ಕೊಂಡ ಒಳ್ಳೆಯ ಬೆಲ್ಟ್ ಯಂತ್ರ, ಬೆಲ್ಟು ಹೊಸದಿದ್ದರೆ, ಇಂದು ಕಾಸರಗೋಡಿನಲ್ಲಿ ತನ್ನ ಹರೆಯದಲ್ಲಿ ತಿರುಗಿದ್ದಕ್ಕಿಂತ ಸರಿಯಾಗಿ ತಿರುಗುತ್ತದೆ. ಹಳೆಯದು ಹೊಸದು ಎಂದು ಹೋಲಿಸುವವರು ಈ ತಂತಿಯ ಸುಧಾರಣೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕರೆಂಟಿನ ಆವರ್ತನದ ಹಂಗನ್ನೇ ಹರಿದವರು ಜಪಾನಿನವರು. ಮತ್ಸುಶಿತಾ ಕಂಪೆನಿಯ ಎಂಜಿನಿಯರ್ ಶುಯಿಚಿ ಒಬಾತಾ ಬೆಲ್ಟು, ರಬ್ಬರು ಗಾಲಿ ಎಲ್ಲವನ್ನೂ ಕಿತ್ತು, ತಟ್ಟೆಯನ್ನು ನೇರವಾಗಿ ಮೋಟಾರಿನ ಮೇಲೇ ಕೂರಿಸಿದರು. 1970ರಲ್ಲಿ ಆ ಕಂಪೆನಿಯಿಂದ ಬಂದ ಟೆಕ್ನಿಕ್ಸ್ ಎಸ್‌ಪಿ-10 ಆ ಬಗೆಯ ಮೊದಲ ಯಂತ್ರ. ಮುಂದೆ ಅದಕ್ಕೆ ಕ್ವಾರ್ಟ್ಜ್ ಹರಳಿನ ಕಾವಲು ಸೇರಿತು: ಹರಳಿನ ಮಿಡಿತದ ಜೊತೆ ತಟ್ಟೆಯ ವೇಗವನ್ನು ಹೋಲಿಸುತ್ತ, ತಪ್ಪಿದ್ದನ್ನು ಅಲ್ಲಲ್ಲೇ ತಿದ್ದುವ ಏರ್ಪಾಡು. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ರ ವೇಗದ ಏರಿಳಿತ ಶೇಕಡಾ 0.025 ಎಂದು ಕಂಪೆನಿ ಅಚ್ಚು ಹಾಕಿತು. 2010ರಲ್ಲಿ ತಯಾರಿಕೆ ನಿಂತು, 2016ರಲ್ಲಿ ಹೊಸ ಮೋಟಾರು, ಭಾರದ ತಟ್ಟೆ, ಹಲವು ಪಟ್ಟು ಬೆಲೆಯೊಂದಿಗೆ ಎಸ್‌ಎಲ್-1200ಜಿ ಬಂತು. ಅದರ ಮೇಲೆ ಅಚ್ಚಾದ ಸಂಖ್ಯೆ? ಶೇಕಡಾ 0.025. ಮೂವತ್ತೇಳು ವರ್ಷದಲ್ಲಿ ಒಂದಂಕಿಯೂ ಅಲುಗಲಿಲ್ಲ! ಹೊಸ ಮೋಟಾರು ಕಂಪನವನ್ನು ತಗ್ಗಿಸಿರುವುದು ನಿಜ, ನಾನು ಅಲ್ಲಗಳೆಯುವುದಿಲ್ಲ. ವೇಗದ ಮಟ್ಟಿಗೆ ಮಾತ್ರ ಈ ಪಂದ್ಯ 1979ರಲ್ಲೇ ಮುಗಿದಿತ್ತು.

ಹಾಗಿದ್ದರೆ 0.025ರ ಯಂತ್ರದಲ್ಲೂ ವೀಣೆಯ ದೀರ್ಘ ಸ್ವರ ತುಯ್ದಾಡುವುದು ಏಕೆ?

ರೆಕಾರ್ಡಿನ ತೂತು ನಟ್ಟನಡುವೆ ಇಲ್ಲದಿರುವುದರಿಂದ. ಹಾಡು ಅಡಗಿರುವ ಗೀರುಗಳ ಸುರುಳಿಗೆ ಒಂದು ಕೇಂದ್ರವಿದೆ, ತೂತಿಗೆ ಒಂದು ಕೇಂದ್ರವಿದೆ. ಒತ್ತುವ ಕಾರ್ಖಾನೆಯಲ್ಲಿ ಇವೆರಡೂ ಕೂದಲಷ್ಟು ಆಚೀಚೆಯಾಗುತ್ತವೆ. 0.2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮುಳ್ಳಿನ ಕೆಳಗೆ ಗೀರು ಹರಿಯುವ ವೇಗವನ್ನು ನಿರ್ಧರಿಸುವುದು ತಟ್ಟೆಯ ಸುತ್ತು ಒಂದೇ ಅಲ್ಲ. ನಡುವಿನ ಕಂಬದಿಂದ ಮುಳ್ಳು ಎಷ್ಟು ದೂರದಲ್ಲಿದೆ ಎಂಬುದೂ ಸೇರುತ್ತದೆ. ತೂತು ಸರಿದಿದ್ದರೆ ಒಂದೇ ಸುತ್ತಿನಲ್ಲಿ ಮುಳ್ಳು ಅರ್ಧ ದಾರಿ ಹೊರಕ್ಕೆ, ಅರ್ಧ ದಾರಿ ಒಳಕ್ಕೆ ಸಾಗುತ್ತದೆ. ಹೊರಕ್ಕೆ ಹೋದಾಗ ಗೀರು ಬೇಗ ಹರಿದು ಸ್ವರ ಏರುತ್ತದೆ, ಒಳಕ್ಕೆ ಬಂದಾಗ ಇಳಿಯುತ್ತದೆ. ಏರಿಳಿತದ ಪ್ರಮಾಣ ಬೇಕಿದ್ದರೆ ಸರಿದ ದೂರವನ್ನು ಗೀರಿನ ತ್ರಿಜ್ಯದಿಂದ ಭಾಗಿಸಿ. ಎಲ್‌ಪಿಯ ಹೊರಗಿನ ಗೀರು ಸುಮಾರು 146 ಮಿಲಿಮೀಟರ್ ದೂರದಲ್ಲಿದೆ. ಅಲ್ಲಿ ಶೇಕಡಾ 0.14. ಕೊನೆಯ ಗೀರು ಸುಮಾರು 60 ಮಿಲಿಮೀಟರಿನಲ್ಲಿ. ಅಲ್ಲಿ ಶೇಕಡಾ 0.33. ಮೋಟಾರಿನ 0.025ರ ಎದುರು ಇದನ್ನು ಇಟ್ಟು ನೋಡಿ, ಹತ್ತು ಪಟ್ಟಿಗೂ ಹೆಚ್ಚು.

ಮೇಲೆ ಸುಮಾರು 6 ಸೆಂಟ್, ಕೆಳಗೆ 6 ಸೆಂಟ್, ಒಟ್ಟು ಹೆಚ್ಚುಕಡಿಮೆ 12. ನಮ್ಮ ಶಾಸ್ತ್ರ ಹೇಳುವ 22 ಶ್ರುತಿಗಳಲ್ಲಿ ಅತಿ ಸಣ್ಣದಾದ ಪ್ರಮಾಣ ಶ್ರುತಿ ಸುಮಾರು 22 ಸೆಂಟ್. ಅದರ ಅರ್ಧಕ್ಕಿಂತ ಹೆಚ್ಚು ದೂರವನ್ನು ಸ್ವರವು ಪ್ರತಿ 1.8 ಸೆಕೆಂಡಿಗೊಮ್ಮೆ ಹೋಗಿ ಬರುತ್ತದೆ. ಇದಕ್ಕೆ ಕ್ವಾರ್ಟ್ಜ್ ಏನೂ ಮಾಡಲಾರದು. ತಟ್ಟೆ ಸರಿಯಾಗಿಯೇ ತಿರುಗುತ್ತಿದೆಯಲ್ಲ!

ಕಂಪೆನಿಗಳು ಕೊಡುವ ಸಂಖ್ಯೆಯಲ್ಲಿ ಇದು ಕಾಣುವುದೂ ಇಲ್ಲ. ಸೆಕೆಂಡಿಗೆ 4 ಸಲದ ತುಯ್ತಕ್ಕೆ ಕಿವಿ ಅತ್ಯಂತ ಸೂಕ್ಷ್ಮ ಎಂಬ ಆಧಾರದಲ್ಲಿ ಅಳೆಯುವ ಉಪಕರಣ ಅದಕ್ಕೆ ಪೂರ್ಣ ಬೆಲೆ ಕೊಟ್ಟು, ನಿಧಾನವಾದ ತುಯ್ತವನ್ನು ಸಾಕಷ್ಟು ತಗ್ಗಿಸಿ ಎಣಿಸುತ್ತದೆ. ಚೆಂಡೆ ಮದ್ದಳೆಯ ಅಬ್ಬರದಲ್ಲಿ, ಗಮಕ ತುಂಬಿದ ಆಲಾಪನೆಯಲ್ಲಿ ಈ ನಿಧಾನದ ತುಯ್ತ ಅಡಗಿಕೊಳ್ಳುತ್ತದೆ. ತಂಬೂರಿಯ ನಾದ, ನಾಗಸ್ವರದ ಉದ್ದದ ಕಾರ್ವೆ, ಪಿಯಾನೋ ಬಂದರೆ ಬಯಲಾಗುತ್ತದೆ. ಬೆಲ್ಟ್ ಯಂತ್ರದ ಸಂಗೀತ ಇಂಪು, ಕ್ವಾರ್ಟ್ಜ್ ಒಣಕಲು ಎಂದು ತೀರ್ಪು ಕೊಡುವವರು ಎರಡರ ಮೇಲೂ ಒಂದೇ ರೆಕಾರ್ಡಿಟ್ಟು, ಕೊನೆಯ ಗೀರಿನ ತಂಬೂರಿಯನ್ನು ಕೇಳಬೇಕು ಎಂದು ನನ್ನ ಒತ್ತಾಯ. ಎರಡರಲ್ಲೂ ಅದೇ ತುಯ್ತ ಬರುತ್ತದೆ. ಕಣ್ಣಿಗೂ ಕಾಣುತ್ತದೆ: ಮುಳ್ಳು ಹೊತ್ತ ಕೈ ಸುತ್ತುಸುತ್ತಿಗೂ ಎಡಕ್ಕೆ ಬಲಕ್ಕೆ ತೂಗುತ್ತಿರುತ್ತದೆ.

ಈ ಆರೋಪಿಯನ್ನು ಹಿಡಿದವರು ಜಪಾನಿನ ನಾಕಾಮಿಚಿ ಕಂಪೆನಿಯವರು. 1981ರ ಅವರ ಟಿಎಕ್ಸ್-1000 ಯಂತ್ರ ಗೀರಿನ ಓಲಾಟವನ್ನು ತಾನೇ ಅಳೆದು, ರೆಕಾರ್ಡನ್ನು ಸರಿಸಿ ನಡುವಿಗೆ ತರುತ್ತಿತ್ತು. ದುಬಾರಿಯ ವಸ್ತು, ಬಹಳ ಜನರ ಕೈಗೆ ಸೇರಲಿಲ್ಲ. ಇಂದಿನ ದುಬಾರಿ ಯಂತ್ರಗಳಲ್ಲಿ ಬಹುಪಾಲು ಆ ಕೆಲಸವನ್ನು ಕೈಗೆತ್ತಿಕೊಳ್ಳದೆ, ಆಗಲೇ ಗೆದ್ದ ಪಂದ್ಯದಲ್ಲಿ ಇನ್ನೊಂದು ಸೊನ್ನೆ ಸೇರಿಸುತ್ತಿರುವುದು ನನಗೆ ಬೇಸರದ ಸಂಗತಿ.

ಹಳೆಯದಕ್ಕೆ ನಿಜವಾದ ಶತ್ರು ನಮ್ಮ ಕರಾವಳಿಯ ಹವೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಬೆಲ್ಟು ಹಿಗ್ಗುತ್ತದೆ ಅಥವಾ ಅಂಟಾಗುತ್ತದೆ, ಗ್ಯಾರಾರ್ಡ್ 301ರಂಥ ಯಂತ್ರದ ರಬ್ಬರು ಗಾಲಿ ಗಟ್ಟಿಯಾಗುತ್ತದೆ, ವೇಗ ತಿದ್ದುವ ತಿರುಗಣೆಗೆ ಕಿಲುಬು ಹಿಡಿಯುತ್ತದೆ, ಕೆಪ್ಯಾಸಿಟರು ಒಣಗುತ್ತದೆ. ಇವನ್ನು ಬದಲಿಸಿ, ಬೇರಿಂಗಿಗೆ ಎಣ್ಣೆ ಬಿಟ್ಟರೆ ವೇಗ ಮರಳುತ್ತದೆ.

ಎಲ್‌ಪಿಗೂ ಹಿಂದಿನ, ನಿಮಿಷಕ್ಕೆ 78 ಸುತ್ತಿನ ರೆಕಾರ್ಡುಗಳ ವಿಷಯದಲ್ಲಿ ಮಾತ್ರ ಕರಾರುವಾಕ್ಕು ಎಂಬ ಪದಕ್ಕೇ ಆಧಾರವಿಲ್ಲ. ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದ ಕಾಲಕ್ಕೆ ಒಪ್ಪಿತ ವೇಗವೇ ಇರಲಿಲ್ಲ; 70ರಿಂದ 80ರ ಆಚೆಗೂ ಹೋಗುತ್ತಿತ್ತು. ಮುಂದೆ ನೆಲೆಗೊಂಡ 78 ಕೂಡ 60 ಹರ್ಟ್ಸ್ ದೇಶಗಳಲ್ಲಿ 78.26, 50ರ ದೇಶಗಳಲ್ಲಿ 77.92. ಆ ಕಾಲದ ಗಾಯಕಿಯರ ಕಂಠ ಇಂದಿನವರಿಗೆ ಎಟುಕದಷ್ಟು ಎತ್ತರದ್ದು ಎನ್ನುವ ಮೆಚ್ಚುಗೆಯಲ್ಲಿ ಒಂದು ಪಾಲು ತಪ್ಪು ವೇಗದ್ದಿರಬಹುದು. 72ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಹಾಕಿದರೆ ಸ್ವರ ಒಂದು ಮನೆಗಿಂತ ಹೆಚ್ಚು ಏರುತ್ತದೆ. ಹಲವು ಹೊಸ ದುಬಾರಿ ಯಂತ್ರಗಳಲ್ಲಿ 78ರ ವೇಗವೇ ಇಲ್ಲ. ಅಜ್ಜನ ಕಾಲದ ರೆಕಾರ್ಡುಗಳಿರುವ ಮನೆಯವರು ವೇಗ ಹಿಗ್ಗಿಸಿ ಕುಗ್ಗಿಸಲು ಬರುವ ಯಂತ್ರವನ್ನೇ ಆರಿಸಿಕೊಳ್ಳಲಿ. ಹಾಡಿನ ಜೊತೆ ಹಾರ್ಮೋನಿಯಂ ಇದ್ದರೆ ಒಳ್ಳೆಯ ಸುಳಿವು: ಅದರ ಷಡ್ಜ ಎರಡು ಮನೆಗಳ ನಡುವೆ ತೂಗದೆ ಯಾವುದಾದರೊಂದು ಮನೆಯ ಮೇಲೆ ಕೂರುವ ತನಕ ವೇಗವನ್ನು ಸರಿಸುತ್ತ ಹೋಗಿ. ಹತ್ತಿರದ ಎರಡು ಮನೆಗಳಲ್ಲಿ ಯಾವುದೆಂದು ಆ ಗಾಯಕರ ಉಸಿರಿನ ಉದ್ದ, ಮಾತಿನ ಸಹಜತೆ ಕೇಳಿ ತೀರ್ಮಾನಿಸಿ.