ಸಭೆಯ ಬಾಯಿಗೆ ಹಾಡು ಬಂದ ದಾರಿ

ವೇದಿಕೆಯ ಮೇಲಿನವರು ಚೆನ್ನಾಗಿ ಹಾಡುತ್ತಾರೆ, ಕೆಳಗಿರುವ ನಾವು ಸುಮ್ನೆ ನಿಂತು ಕೇಳುತ್ತೇವೆ. ಇವತ್ತು ಎಷ್ಟೋ ಚರ್ಚುಗಳ ಭಾನುವಾರ ಹೀಗೇ ಕಳೆಯುತ್ತಿದೆ. ಇದನ್ನು ಮೈಕು, ಡ್ರಮ್ಸ್ ಬಂದ ಮೇಲಿನ ಕಥೆ ಅಂದುಕೊಂಡರೆ ತಪ್ಪು. ಎಲ್ಲರೂ ಹಾಡಬೇಕಾ, ಹಾಡುಗಾರರು ಹಾಡಿದರೆ ಸಾಕಾ ಅನ್ನುವ ಜಗಳ ಬಹಳ ಹಳೆಯದು.

ಆರಂಭದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕಡೆಯ ಊಟ ಮುಗಿಸಿದ ಯೇಸು ಮತ್ತು ಶಿಷ್ಯರು ಹಾಡಿಯೇ ಎಣ್ಣೇಮರಗಳ ಗುಡ್ಡಕ್ಕೆ ಹೊರಟರು. ಹಾಡುಗಳ ಮೂಲಕ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಿ ಅಂತ ಪೌಲ ಕೊಲೊಸ್ಸೆಯವರಿಗೆ ಬರೆದ. ನನಗೆ ಮುಖ್ಯ ಅನ್ನಿಸುವುದು ಆ ‘ಒಬ್ಬರಿಗೊಬ್ಬರು’. ಹಾಡು ದೇವರಿಗೆ ಹೇಗೋ ಪಕ್ಕದಲ್ಲಿ ನಿಂತವರಿಗೂ ಹಾಗೆ. ಅವರ ಕಿವಿಗೆ ನಮ್ಮ ದನಿ ಬೀಳದಿದ್ದರೆ ಈ ಕೆಲಸ ನಡೆಯೋದಿಲ್ಲ ಅಲ್ವಾ?

4ನೇ ಶತಮಾನದ ಹೊತ್ತಿಗೆ, ಈಗಿನ ಟರ್ಕಿಯಲ್ಲಿದ್ದ ಲವೊದಿಕೀಯ ಪಟ್ಟಣದಲ್ಲಿ ಸೇರಿದ ಸಭಾನಾಯಕರು, ನೇಮಕವಾದ ಹಾಡುಗಾರರನ್ನು ಬಿಟ್ಟು ಬೇರೆ ಯಾರೂ ಹಾಡಕೂಡದು ಅಂತ ನಿಯಮ ಮಾಡಿದರು. ಅದೇ ಶತಮಾನದಲ್ಲಿ, 386ರಲ್ಲಿ, ಮಿಲಾನಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅರಮನೆಯವರು ಚರ್ಚನ್ನು ಕಿತ್ತುಕೊಳ್ಳಲು ನೋಡಿದಾಗ ಬಿಷಪ್ ಆಂಬ್ರೋಸ್ ಜೊತೆ ಜನ ಒಳಗೇ ಉಳಿದರು, ಧೈರ್ಯಗೆಡದ ಹಾಗೆ ಅವರಿಗೆ ಹಾಡು ಕಲಿಸಲಾಯಿತು. ಇದನ್ನು ಬರೆದಿಟ್ಟವನು ಆಗ ಮಿಲಾನಿನಲ್ಲೇ ಇದ್ದ, ಮುಂದೆ ತಾನೂ ಬಿಷಪ್ ಆದ ಆಗಸ್ಟೀನ್. ಆದರೂ ಪಶ್ಚಿಮ ಯುರೋಪಿನಲ್ಲಿ ಆಮೇಲೆ ಶತಮಾನಗಳ ಕಾಲ ಆರಾಧನೆಯ ಹಾಡು ಲ್ಯಾಟಿನ್ ಬಲ್ಲ ಪಾದ್ರಿಗಳ, ಗಾಯನ ವೃಂದದ ಕೈಯಲ್ಲೇ ಉಳಿಯಿತು.

1524ರಲ್ಲಿ ಜರ್ಮನಿಯಲ್ಲಿ ಒಂದು ಪುಟ್ಟ ಪುಸ್ತಕ ಅಚ್ಚಾಯಿತು. ಒಳಗಿದ್ದದ್ದು ಎಂಟೇ ಹಾಡು, ಅದರಲ್ಲಿ ನಾಲ್ಕು, ಚರ್ಚನ್ನು ಸುಧಾರಿಸಲು ಹೊರಟ ಮಾರ್ಟಿನ್ ಲೂಥರ್ ಬರೆದವು. ಮನೆಯಲ್ಲಿ ಆಡುವ ಭಾಷೆ, ಎಲ್ಲರ ಗಂಟಲಿಗೆ ಸಿಗುವ ರಾಗ. ಸುಧಾರಕರೆಲ್ಲ ಹಾಡಿನ ಪರ ಇದ್ದರು ಅಂತಲ್ಲ. ಜ್ವಿಂಗ್ಲಿಯ ಜೂರಿಕ್‌ನಲ್ಲಿ ಆರಾಧನೆಯಿಂದ ಹಾಡನ್ನೇ ತೆಗೆದುಹಾಕಿದರು, ಅದು ವಾಪಸ್ ಬಂದದ್ದು 1598ರಲ್ಲಿ. ಜಿನೀವಾದಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಬೈಬಲಿನ 150 ಕೀರ್ತನೆಗಳನ್ನೂ ಹಾಡಿಗೆ ಹೊಂದಿಸುವ ಕೆಲಸ ಮಾಡಿಸಿದ. ಆ ಪುಸ್ತಕ ಪೂರ್ತಿಯಾದದ್ದು 1562ರಲ್ಲಿ.

ಲಂಡನ್ನಿನ ಬ್ಯಾಪ್ಟಿಸ್ಟ್ ಪಂಗಡದ ಪಾದ್ರಿ ಬೆಂಜಮಿನ್ ಕೀಚ್ ಪಟ್ಟ ಪಾಡು ನೋಡಿ. ಆತ ಮೊದಲು, ಯೇಸುವಿನ ಕಡೆಯ ಊಟವನ್ನು ನೆನೆಯುವ ಪ್ರಭುಭೋಜನದ ಕೊನೆಗೆ ಒಂದೇ ಒಂದು ಹಾಡು ಹಾಡಿಸಿದ. ಪ್ರತಿ ಭಾನುವಾರ ಹಾಡಿಸುವಷ್ಟಕ್ಕೆ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಬೇರೆಯವರು ಬರೆದಿಟ್ಟ ಸಾಲು ಹೇಳಿದರೆ ಅದು ಆತ್ಮದಿಂದ ಬಂದದ್ದು ಹೇಗಾಗುತ್ತೆ, ಹೆಂಗಸರು ಸಭೆಯಲ್ಲಿ ದನಿ ಎತ್ತಬಹುದಾ, ಇವು ವಿರೋಧಿಗಳ ವಾದ. 1691ರಲ್ಲಿ ಹಾಡಿನ ಪರವಾಗಿ ಕೀಚ್ ಒಂದು ಪುಸ್ತಕವನ್ನೇ ಬರೆದ. ಕೊನೆಗೆ ಕೆಲವರು ಸಭೆ ಬಿಟ್ಟೇ ಹೋದರು. ನಾವು ಕಣ್ಣು ಮಿಟುಕಿಸದೆ ಹಾಡಿಬಿಡುವ ಆ ಮೂರು ಚರಣಗಳಿಗೆ ಜನ ಇಷ್ಟು ಬೆಲೆ ಕೊಟ್ಟಿದ್ದಾರೆ.

ಓದು ಬಾರದವರ ಗತಿ? ಇಂಗ್ಲೆಂಡ್, ಸ್ಕಾಟ್‌ಲ್ಯಾಂಡಿನಲ್ಲಿ ಒಬ್ಬ ಒಂದು ಸಾಲು ಹೇಳುವುದು, ಸಭೆಯೆಲ್ಲ ಅದನ್ನೇ ಹಾಡುವುದು ರೂಢಿಯಾಯಿತು. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳುತ್ತಾರಲ್ಲ, ಹಾಗೆ.

ಕನ್ನಡದ ಕಥೆಯೂ ಇಲ್ಲಿ ಸೇರಿಕೊಳ್ಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ರಾಗಗಳನ್ನೂ ತಂದರು. ಆ ರಾಗಕ್ಕೆ ಕನ್ನಡದ ಮಾತು ಕೂರಿಸುವುದು ಸುಲಭವಲ್ಲ, ಹ್ರಸ್ವ ಎಳೆದುಹೋಗುತ್ತದೆ, ದೀರ್ಘ ಮೊಟಕಾಗುತ್ತದೆ. ನಿಘಂಟಿನ ಕಿಟ್ಟೆಲ್ ಬೇರೆ ದಾರಿ ಹಿಡಿದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಇಲ್ಲಿಯ ಛಂದಸ್ಸಿನಲ್ಲೇ ಕಟ್ಟಿದರು. ಕ್ಯಾಥೊಲಿಕರಲ್ಲಿ ದೊಡ್ಡ ಬದಲಾವಣೆ ಆದದ್ದು 1963ರ ನಂತರ. ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನ ಪೂರ್ತಿಯಾಗಿ ಪಾಲ್ಗೊಳ್ಳಬೇಕು ಅಂದಿತು, ಅವರ ಮುಖ್ಯ ಆರಾಧನೆಯಾದ ಬಲಿಪೂಜೆ ಜನರ ಭಾಷೆಗೆ ಬಂತು.

ಈಗ ನಮ್ಮನ್ನು ತಡೆಯುವ ನಿಯಮ ಯಾವುದೂ ಇಲ್ಲ. ತಡೆಯುತ್ತಿರುವುದು ಸ್ಪೀಕರಿನ ಸದ್ದು, ಒಬ್ಬ ಒಳ್ಳೆ ಗಾಯಕನಿಗೆ ಮಾತ್ರ ಎಟುಕುವ ಶ್ರುತಿ, ಜನ ಕಲಿಯುವ ಮೊದಲೇ ಬದಲಾಗುವ ಹಾಡು. ಹಾಡಿಸುವವರಿಗೆ ನನ್ನ ಕೋರಿಕೆ ಇಷ್ಟೇ: ಶ್ರುತಿ ಸ್ವಲ್ಪ ಇಳಿಸಿ, ಒಂದೇ ಹಾಡನ್ನು ನಾಲ್ಕು ವಾರ ಹಾಡಿಸಿ, ಕೊನೆಯ ಚರಣಕ್ಕೆ ಕೀಬೋರ್ಡ್, ಡ್ರಮ್ಸ್ ಎರಡನ್ನೂ ನಿಲ್ಲಿಸಿ. ಆಗ ಎಷ್ಟು ಜನ ಹಾಡುತ್ತಿದ್ದಾರೆ ಅನ್ನುವುದು ನಿಮಗೇ ಕೇಳಿಸುತ್ತದೆ.