ಹಸುಗೂಸಿನ ಆಹಾರ ಮತ್ತು ಟೈಪ್ 1 ಮಧುಮೇಹ: ಒಂದು ಪ್ರಶ್ನೆಯ ಬೆನ್ನು ಹತ್ತಿ

ಹುಬ್ಬಳ್ಳಿಯ ಮಕ್ಕಳ ವಾರ್ಡೊಂದರಲ್ಲಿ ನಮ್ಮ ತಂಡದ ಪಾಳಿ ಇದ್ದಾಗ, ಮೂರು ವರ್ಷದ ಮಗನಿಗೆ ಇನ್ಸುಲಿನ್ ಚುಚ್ಚುವುದನ್ನು ಕಲಿಯುತ್ತಿದ್ದ ತಾಯಿಯೊಬ್ಬರು ಸಿರಿಂಜನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: “ಅಕ್ಕಾರ, ಮೂರು ತಿಂಗಳಿಗೇ ಮೇಲಿನ ಹಾಲು ಹಾಕಿದ್ವಿ ನೋಡ್ರಿ, ಅದಕ್ಕ ಹಿಂಗಾತೇನ್ರಿ?” ಅವರ ಅತ್ತೆ ಪಕ್ಕದಲ್ಲೇ ಕುಳಿತಿದ್ದರು. ಹಾಲು ಹಾಕಿಸಿದವರು ಯಾರು ಎಂಬುದು ಅವರು ತಲೆ ತಗ್ಗಿಸಿದ ರೀತಿಯಿಂದಲೇ ತಿಳಿಯುವಂತಿತ್ತು. “ಹಂಗೇನಿಲ್ಲ ಬಿಡ್ರಿ” ಎಂದು ನಾನು ಅಂದು ಕೊಟ್ಟ ಉತ್ತರ ತಪ್ಪಾಗಿರಲಿಲ್ಲವಾದರೂ ಅದರ ಹಿಂದಿನ ಆಧಾರ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆ ಆಧಾರವನ್ನು ಹುಡುಕಿ ಬರೆದುಕೊಂಡ ಟಿಪ್ಪಣಿ ಇದು. ಶಿಶುಪೋಷಣೆಯ ಪಾಠ ಓದುತ್ತಿರುವ ಸಹಪಾಠಿಗಳಿಗೂ ಉಪಯೋಗವಾದೀತು.

ಮೊದಲು ಕಾಯಿಲೆಯ ಸ್ವರೂಪ. ನಮ್ಮ ಕಡೆ ‘ಸಕ್ಕರಿ ಬ್ಯಾನಿ’ ಎಂದೊಡನೆ ಐವತ್ತು ದಾಟಿದವರ ಚಿತ್ರ ಕಣ್ಣ ಮುಂದೆ ಬರುತ್ತದೆ, ಸಿಹಿ ತಿಂದು ಬಂತು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಟೈಪ್ 1 ಅದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಹೊರಗಿನವೆಂದು ಬಗೆದು ನಾಶಪಡಿಸುವುದರಿಂದ ಬರುವ ಕಾಯಿಲೆ ಇದು. ಮಗು ಎಷ್ಟು ಪೇಢೆ ತಿಂದಿತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ದಾಳಿ ಆರಂಭವಾಗಿರುವುದರ ಕುರುಹಾಗಿ ರಕ್ತದಲ್ಲಿ ಸ್ವಪ್ರತಿಕಾಯಗಳು, ಅಂದರೆ ದೇಹ ತನ್ನದೇ ಪ್ರೋಟೀನುಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳು, ಕಾಣಿಸಿಕೊಳ್ಳುತ್ತವೆ: ಇನ್ಸುಲಿನ್ ಹಾಗೂ ಬೀಟಾ ಕೋಶಗಳ ಇತರ ಪ್ರೋಟೀನುಗಳಾದ ಜಿಎಡಿ, ಐಎ-2 ಮತ್ತು ಜಿಂಕ್ ಟ್ರಾನ್ಸ್‌ಪೋರ್ಟರ್ 8 ಇವುಗಳ ವಿರುದ್ಧ ಹುಟ್ಟುವ ಪ್ರತಿಕಾಯಗಳು ಮುಖ್ಯವಾದವು. 2015ರಿಂದ ಬಳಕೆಯಲ್ಲಿರುವ ವಿಂಗಡಣೆಯ ಪ್ರಕಾರ, ಇವುಗಳಲ್ಲಿ ಎರಡು ಅಥವಾ ಹೆಚ್ಚು ಇದ್ದು ಸಕ್ಕರೆಯ ಮಟ್ಟ ಸರಿಯಾಗಿದ್ದರೆ ಅದು ಮೊದಲ ಹಂತ. ಸಕ್ಕರೆ ಏರುಪೇರಾಗತೊಡಗಿದರೆ ಎರಡನೆಯದು. ಕಾಯಿಲೆ ಹೊರಬಿದ್ದಾಗ ಮೂರನೆಯದು. ವಾರ್ಡಿಗೆ ಬರುವ ಮಗು ಮೂರನೆಯ ಹಂತದ್ದು. ಅದರ ಕಾಯಿಲೆ ಹಲವು ತಿಂಗಳ, ಎಷ್ಟೋ ಸಲ ಹಲವು ವರ್ಷಗಳ ಹಿಂದೆಯೇ ಸದ್ದಿಲ್ಲದೆ ಆರಂಭವಾಗಿರುತ್ತದೆ.

ಇನ್ಸುಲಿನ್ ವಿರುದ್ಧದ ಪ್ರತಿಕಾಯ ಅನೇಕ ಮಕ್ಕಳಲ್ಲಿ ಮೊದಲು ಕಾಣಿಸಿಕೊಳ್ಳುವುದು ಸುಮಾರು ಒಂಬತ್ತು ತಿಂಗಳಿಂದ ಎರಡು ವರ್ಷದೊಳಗೆ. ಸಂಶೋಧಕರ ಕಣ್ಣು ಮೊದಲ ವರ್ಷದ ಊಟದ ಮೇಲೆ ಬಿದ್ದದ್ದು ಈ ಕಾರಣದಿಂದಲೇ. ವಂಶವಾಹಿಗಳ ಪಾಲು ದೊಡ್ಡದು, ನಿಜ. ಆರನೆಯ ವರ್ಣತಂತುವಿನ ಮೇಲಿರುವ, ತನ್ನದು ಯಾವುದು ಹೊರಗಿನದು ಯಾವುದು ಎಂದು ಗುರುತಿಸಲು ರೋಗನಿರೋಧಕ ವ್ಯವಸ್ಥೆಗೆ ನೆರವಾಗುವ ಎಚ್‌ಎಲ್‌ಎ ಗುಂಪಿನ ಡಿಆರ್3, ಡಿಆರ್4 ಬಗೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಆದರೆ ಅವುಗಳನ್ನು ಹೊತ್ತ ಬಹುಪಾಲು ಮಕ್ಕಳಿಗೆ ಕಾಯಿಲೆ ಬರುವುದೇ ಇಲ್ಲ. ಈ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ಫಿನ್ಲೆಂಡಿಗೂ ಗಡಿಯಾಚೆಯ ರಷ್ಯಾದ ಕರೇಲಿಯಾಕ್ಕೂ ಅಪಾಯದ ವಂಶವಾಹಿಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲದಿದ್ದರೂ, ಕಾಯಿಲೆಯ ಪ್ರಮಾಣದಲ್ಲಿ ಸುಮಾರು ಆರು ಪಟ್ಟು ಅಂತರವಿತ್ತು. ಹಾಗಾದರೆ ಪರಿಸರದಲ್ಲಿ ಏನೋ ಇದೆ. ಎಂಟೆರೊವೈರಸ್ ಸೋಂಕು ಒಂದು ಶಂಕಿತ, ಆಹಾರ ಇನ್ನೊಂದು.

ಈಗ ಹಾಲಿನ ವಿಷಯ. ಅನುಮಾನಕ್ಕೆ ಗಟ್ಟಿಯಾದ ಜೈವಿಕ ತರ್ಕವಿತ್ತು ಎಂಬುದನ್ನು ಮರೆಯಬಾರದು. ಹಸುವಿನ ಇನ್ಸುಲಿನ್‌ಗೂ ಮನುಷ್ಯರ ಇನ್ಸುಲಿನ್‌ಗೂ ಇರುವ ವ್ಯತ್ಯಾಸ ಕೇವಲ ಮೂರು ಅಮೈನೊ ಆಮ್ಲಗಳದ್ದು, ಹಸುವಿನ ಹಾಲಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಹಸುವಿನ ಇನ್ಸುಲಿನ್ ಇರುತ್ತದೆ, ಎಳೆಗೂಸಿನ ಕರುಳು ಇನ್ನೂ ಪೂರ್ತಿ ಬಿಗಿದುಕೊಂಡಿರುವುದಿಲ್ಲ. ಅಲ್ಲಿಂದ ಒಳನುಸುಳಿದ ಪ್ರೋಟೀನಿನ ವಿರುದ್ಧ ಹುಟ್ಟಿದ ಪ್ರತಿಕ್ರಿಯೆ ಮುಂದೆ ಮಗುವಿನ ಸ್ವಂತ ಇನ್ಸುಲಿನ್ ಕಡೆಗೇ ತಿರುಗಬಹುದಲ್ಲವೇ ಎಂಬುದು ವಾದ. ಇದನ್ನು ಪರೀಕ್ಷಿಸಲು ಫಿನ್ಲೆಂಡಿನಲ್ಲಿ 230 ಶಿಶುಗಳ ಮೇಲೆ ಒಂದು ಚಿಕ್ಕ ಪ್ರಯೋಗ ನಡೆಯಿತು. ಎದೆಹಾಲಿನ ಜೊತೆಗೆ ಡಬ್ಬಿ ಹಾಲು ಬೇಕಾದಾಗ ಒಂದು ಗುಂಪಿಗೆ ಮಾಮೂಲಿ ಪುಡಿ, ಇನ್ನೊಂದಕ್ಕೆ ಪ್ರೋಟೀನನ್ನು ಮೊದಲೇ ಚೂರು ಚೂರಾಗಿ ಒಡೆದಿಟ್ಟ ಪುಡಿ. 2010ರಲ್ಲಿ ಪ್ರಕಟವಾದ ಫಲಿತಾಂಶ ಆಶಾದಾಯಕವಾಗಿತ್ತು: ಒಂದಾದರೂ ಸ್ವಪ್ರತಿಕಾಯ ಕಾಣಿಸಿಕೊಂಡವರು ಮಾಮೂಲಿ ಗುಂಪಿನಲ್ಲಿ ಶೇ. 30, ಒಡೆದ ಪ್ರೋಟೀನಿನ ಗುಂಪಿನಲ್ಲಿ ಶೇ. 17.

ಇಲ್ಲಿಗೇ ನಿಂತು ಟಿಪ್ಪಣಿ ಬರೆದುಕೊಂಡವರು ಅಪಾಯದಲ್ಲಿದ್ದಾರೆ. ಇದರ ದೊಡ್ಡ ರೂಪವಾದ ಟ್ರಿಗರ್ ಪ್ರಯೋಗ 15 ದೇಶಗಳಲ್ಲಿ, 2159 ಶಿಶುಗಳನ್ನು ಸೇರಿಸಿಕೊಂಡು, ಸರಾಸರಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಎಲ್ಲರೂ ಮನೆಯಲ್ಲಿ ಹತ್ತಿರದವರಿಗೆ ಟೈಪ್ 1 ಇದ್ದ, ಅಪಾಯದ ವಂಶವಾಹಿ ಹೊತ್ತ ಮಕ್ಕಳೇ. 2018ರ ಅಂತಿಮ ಲೆಕ್ಕದಲ್ಲಿ ಒಡೆದ ಪ್ರೋಟೀನಿನ ಗುಂಪಿನ 1081 ಮಕ್ಕಳಲ್ಲಿ 91 ಜನರಿಗೆ, ಅಂದರೆ ಶೇ. 8.4, ಮಾಮೂಲಿ ಗುಂಪಿನ 1078ರಲ್ಲಿ 82 ಜನರಿಗೆ, ಅಂದರೆ ಶೇ. 7.6, ಮಧುಮೇಹ ಬಂದಿತ್ತು. ಈ ಚಿಕ್ಕ ಅಂತರ ಆಕಸ್ಮಿಕಕ್ಕಿಂತ ಹೆಚ್ಚಿನದೇನೂ ಅಲ್ಲ. ಇದ್ದದ್ದೂ ನಿರೀಕ್ಷೆಗೆ ವಿರುದ್ಧ ದಿಕ್ಕಿನಲ್ಲಿ. ಚಿಕ್ಕ ಪ್ರಯೋಗ ಎಣಿಸಿದ್ದು ಪ್ರತಿಕಾಯವನ್ನು, ದೊಡ್ಡದು ಕೊನೆಗೆ ಎಣಿಸಿದ್ದು ಕಾಯಿಲೆಯನ್ನು. ಪರೀಕ್ಷೆಯಲ್ಲಿ ಈ ಎರಡನ್ನು ಒಂದೇ ಎಂದು ಬರೆದು ನಾನೇ ಒಮ್ಮೆ ಅಂಕ ಕಳೆದುಕೊಂಡಿದ್ದೇನೆ.

ಆದರೂ ಟ್ರಿಗರ್ ಏನನ್ನು ಹೇಳುವುದಿಲ್ಲ ಎಂಬುದನ್ನೂ ಗುರುತಿಸಬೇಕು. ಅದು ಪುಡಿಯನ್ನು ಪುಡಿಯೊಂದಿಗೆ ಹೋಲಿಸಿತು, ಎದೆಹಾಲಿನೊಂದಿಗಲ್ಲ. ನಮ್ಮ ಹಳ್ಳಿಗಳಲ್ಲಿ ನೀರು ಬೆರೆಸಿ ಹಾಕುವ ಎಮ್ಮೆ ಹಾಲನ್ನಂತೂ ಅಲ್ಲವೇ ಅಲ್ಲ. ನಾರ್ವೆ ಮತ್ತು ಡೆನ್ಮಾರ್ಕಿನ ತಾಯಿ-ಮಕ್ಕಳ ದೊಡ್ಡ ಅಧ್ಯಯನಗಳಲ್ಲಿ, ಎದೆಹಾಲನ್ನು ಕುಡಿಯದೇ ಬೆಳೆದ ಮಕ್ಕಳಲ್ಲಿ ಕಾಯಿಲೆಯ ಅಪಾಯ ಕುಡಿದವರಿಗಿಂತ ಸುಮಾರು ಎರಡು ಪಟ್ಟು ಕಂಡಿತ್ತು. ಇದು ಕೇವಲ ಗಮನಿಸಿ ಬರೆದ ಲೆಕ್ಕವಾದ್ದರಿಂದ ಕಾರಣವೆಂದು ಘೋಷಿಸಲಾಗದು. ಮೂರು ತಿಂಗಳಿಗೆ ಮೇಲಿನ ಹಾಲು ಬೇಡವೆನ್ನಲು ಭೇದಿ ಮತ್ತು ಕಬ್ಬಿಣದಂಶದ ಕೊರತೆ ಎಂಬ ಎರಡು ಕಾರಣಗಳೇ ಸಾಕು. ಮಧುಮೇಹದ ಹೆದರಿಕೆಯನ್ನು ಅದಕ್ಕೆ ಜೋಡಿಸುವುದು ಪ್ರಾಮಾಣಿಕವಲ್ಲ ಎಂಬುದು ನನ್ನ ಅಭಿಪ್ರಾಯ.

ಧಾನ್ಯಗಳ ಕಥೆಯೂ ಇದೇ ಹಾದಿಯದು. 2003ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಹೊರಬಂದವು. ಅಮೆರಿಕದ ಡೆನ್ವರ್‌ನ ಡೈಸಿ ಅಧ್ಯಯನದಲ್ಲಿ ಮೂರು ತಿಂಗಳೊಳಗೆ ಧಾನ್ಯ ತಿಂದವರಿಗೂ, ಏಳು ತಿಂಗಳು ತುಂಬಿದ ಮೇಲೆ ಆರಂಭಿಸಿದವರಿಗೂ, ನಾಲ್ಕರಿಂದ ಆರು ತಿಂಗಳ ನಡುವೆ ಆರಂಭಿಸಿದವರಿಗಿಂತ ಸ್ವಪ್ರತಿಕಾಯಗಳ ಅಪಾಯ ಹೆಚ್ಚಿತ್ತು. ಅಕ್ಕಿಯಾದರೂ ಗೋಧಿಯಾದರೂ ಅಷ್ಟೆ. ಜರ್ಮನಿಯ ಬೇಬಿಡಯಾಬ್ ಅಧ್ಯಯನ ಮೂರು ತಿಂಗಳೊಳಗಿನ ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನು) ಕಡೆಗೆ ಬೆರಳು ತೋರಿಸಿತು. ಬಳಿಕ 150 ಶಿಶುಗಳಲ್ಲಿ ಗ್ಲುಟೆನ್ ಅನ್ನು ಆರು ತಿಂಗಳ ಬದಲು ಹನ್ನೆರಡು ತಿಂಗಳಿಗೆ ಮುಂದೂಡಿ ನೋಡಿದ ಪ್ರಯೋಗದಲ್ಲಿ ಯಾವ ಲಾಭವೂ ಕಾಣಲಿಲ್ಲ. ನಾರ್ವೆಯ 2020ರ ಲೆಕ್ಕವೊಂದು ಪ್ರಶ್ನೆಯನ್ನು ಸಮಯದಿಂದ ಪ್ರಮಾಣಕ್ಕೆ ತಿರುಗಿಸಿದೆ: ಹದಿನೆಂಟು ತಿಂಗಳ ಮಗು ತಿನ್ನುವ ಗ್ಲುಟೆನ್ ದಿನಕ್ಕೆ 10 ಗ್ರಾಂ ಹೆಚ್ಚಿದಂತೆ ಅಪಾಯ ಸುಮಾರು ಒಂದೂವರೆ ಪಟ್ಟಾಗುತ್ತ ಹೋಗಿತ್ತು. ಇದನ್ನೂ ಪ್ರಯೋಗದಿಂದ ಒರೆಗೆ ಹಚ್ಚಬೇಕಿದೆ.

ಇಲ್ಲೊಂದು ಊರಿನ ಮಾತು ಸೇರಿಸಲೇಬೇಕು. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದ್ದರಿಂದ ರೊಟ್ಟಿ ತಿನ್ನುವ ನಾಡಿನ ಮಕ್ಕಳಿಗೆ ರಕ್ಷಣೆಯಿದೆ ಎಂದು ನಮ್ಮ ಗುಂಪಿನಲ್ಲೇ ಒಬ್ಬರು ಉತ್ಸಾಹದಿಂದ ಹೇಳಿದರು. ಹಾಗೆನ್ನಲು ಆಧಾರವಿಲ್ಲ. ಸದಕ ಗೋಧಿ, ಅಂದರೆ ಖಪ್ಲಿ, ಹಳೆಯ ತಳಿಯಾದ್ದರಿಂದ ನಿರಪಾಯ ಎಂಬ ಅಂಗಡಿ ಮಾತಿಗೂ ಇಲ್ಲ. ಅದರಲ್ಲೂ ಗ್ಲುಟೆನ್ ಇದ್ದೇ ಇದೆ.

ವಿಟಮಿನ್ ಡಿ ಬಗ್ಗೆ ಸಂಕ್ಷೇಪವಾಗಿ. ಉತ್ತರ ಫಿನ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಮಕ್ಕಳನ್ನು ಮೂವತ್ತು ವರ್ಷ ಹಿಂಬಾಲಿಸಿದಾಗ, ಅಂದಿನ ಶಿಫಾರಸಿನಂತೆ ದಿನಕ್ಕೆ 2000 ಯೂನಿಟ್ ತಪ್ಪದೆ ಪಡೆದವರಲ್ಲಿ ಕಾಯಿಲೆ ಬಹಳ ಕಡಿಮೆ ಇತ್ತು ಎಂದು 2001ರಲ್ಲಿ ವರದಿಯಾಯಿತು. ಅದನ್ನೋದಿ ಯಾರೂ ಆ ಪ್ರಮಾಣವನ್ನು ಹಾಕಬಾರದು. ನಮ್ಮಲ್ಲಿ ಶಿಶುಗಳಿಗೆ ಹೇಳುವುದು ದಿನಕ್ಕೆ 400 ಯೂನಿಟ್, ಅದೂ ಮೂಳೆಗಾಗಿ.

ಆ ತಾಯಿಗೆ ಮನೆಯಲ್ಲಿ ಐದು ತಿಂಗಳ ಇನ್ನೊಂದು ಕೂಸಿತ್ತು. ಎರಡನೆಯ ದಿನ ಕೇಳಿದ್ದು ಅದರ ಬಗ್ಗೆಯೇ: ಗೋಧಿ ಸಜ್ಜಕ ತಿನ್ನಿಸಬೇಕೋ ಬೇಡವೋ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ನಂತರ ಎದೆಹಾಲು ಬಿಡಿಸದೆ ಅಕ್ಕಿ-ಹೆಸರುಬೇಳೆಯ ಮೆತ್ತನೆಯ ಅನ್ನ, ಗೋಧಿಯೂ ಇರಲಿ, ಯಾವುದನ್ನೂ ಮಧುಮೇಹದ ಹೆಸರಿನಲ್ಲಿ ನಿಲ್ಲಿಸುವುದು ಬೇಡ ಎಂದು ಈ ಸಲ ಕಾರಣ ಸಹಿತ ಹೇಳಿದೆ. ಒಡಹುಟ್ಟಿದವರಿಗೆ ಅಪಾಯ ಉಳಿದವರಿಗಿಂತ ಹೆಚ್ಚಾದರೂ ಬಹುಪಾಲು ಒಡಹುಟ್ಟಿದವರಿಗೆ ಕಾಯಿಲೆ ಬರುವುದಿಲ್ಲ ಎಂಬುದನ್ನೂ ತಿಳಿಸಿದೆ. ಗಮನಿಸಬೇಕಾದ ಲಕ್ಷಣಗಳನ್ನು, ಅಂದರೆ ತಡೆಯಲಾರದ ನೀರಡಿಕೆ, ಪದೇ ಪದೇ ಮೂತ್ರ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಉಂಡರೂ ತೂಕ ಇಳಿಯುವುದು, ಇವನ್ನು ಒಂದೊಂದಾಗಿ ಹೇಳುತ್ತಿದ್ದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ತಲೆ ಎತ್ತಿದರು. “ಹದಿನೈದು ದಿನದ ಹಿಂದ ಬಚ್ಚಲದಾಗ ಅಂವಾ ಒಂದ ಮಾಡಿದಲ್ಲೆ ಇರುವಿ ಮುತ್ತಿದ್ವು ಯವ್ವಾ. ನಾ ನೀರ ಹಾಕಿ ತೊಳದ ಬಿಟ್ಟೆ.”