ಓಡಾಡುವುದು ದುಡ್ಡಲ್ಲ, ಚೀಟಿ

ಸಿದ್ದಾಪುರ ಕಡೆಯ ನಮ್ಮ ಚಿಕ್ಕಪ್ಪ ಹಳೇ ಪಂಪ್‌ಸೆಟ್ ಮಾರಲು ಫೋನಿನಲ್ಲಿ ಜಾಹೀರಾತು ಹಾಕಿದ್ದರು. ತಗೊಳ್ತೇನೆ ಎಂದವನು ಒಂದು ಕ್ಯೂಆರ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದೆ ಎಂದ. ಇವರು ಹಾಕಿದರು. ಬರಬೇಕಾದ ಆರು ಸಾವಿರ ಬರಲಿಲ್ಲ, ಇದ್ದ ಆರು ಸಾವಿರ ಹೋಯಿತು. "ದುಡ್ಡು ಬರವು ಅಂದ್ರೆ ಪಿನ್ ಹಾಕವು ಅಲ್ದನಾ ತಮಾ?" ಎಂದು ಅವರು ನನ್ನನ್ನು ಕೇಳಿದಾಗ ಹೊಟ್ಟೆ ಉರಿಯಿತು. ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿಗೆ ಸಹಿ ಹಾಕುತ್ತೇವಲ್ವಾ, ಪಿನ್ ಅಂದರೆ ಆ ಸಹಿ. ನನ್ನ ಖಾತೆಗೆ ಯಾರು ಬೇಕಾದರೂ ಹಣ ಕಟ್ಟಬಹುದು, ಅದಕ್ಕೆ ನನ್ನ ಸಹಿ ಬೇಡ. ವ್ಯವಹಾರಕ್ಕೆ ಪಿನ್ ಹಾಕಿದರೆ ದುಡ್ಡು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ.

ಯುಪಿಐಯಲ್ಲಿ, ಅಂದರೆ ಫೋನಿನಿಂದ ಖಾತೆಗೆ ಹಣ ಕಳಿಸುವ ಈ ವ್ಯವಸ್ಥೆಯಲ್ಲಿ, ಇಂಥ ಮೋಸಕ್ಕೆ ಒಂದು ದಾರಿಯಾಗಿದ್ದ ಕೋರಿಕೆ, ಅಂದರೆ ಒಬ್ಬರು ಇನ್ನೊಬ್ಬರ ಫೋನಿಗೆ 'ಇಷ್ಟು ಕೊಡಿ' ಎಂದು ಕಳಿಸುವುದು, 2025ರ ಅಕ್ಟೋಬರ್ 1ರಿಂದ ನಿಂತಿದೆ. ಒಳ್ಳೆಯದಾಯಿತು. ಆದರೆ ತಪ್ಪು ಕಲ್ಪನೆ ಹಾಗೇ ಇದೆ. ದುಡ್ಡು ಫೋನಿನೊಳಗೆ ಇದೆ, ಆ್ಯಪ್ ಅದನ್ನು ಹೊತ್ತುಕೊಂಡು ಹೋಗುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಇದರಿಂದಲೇ ಇನ್ನೊಂದು ಮಾತೂ ಹುಟ್ಟಿದೆ: ಆ್ಯಪ್‌ಗಳು ಬಂದವು, ಇನ್ನು ಬ್ಯಾಂಕಿನ ಕಾಲ ಮುಗಿಯಿತು.

ಶಿರಸಿ ಸೀಮೆಯವರಿಗಂತೂ ಈ ಗೊಂದಲ ಇರಬಾರದು. ಇಲ್ಲಿ 1923ರಿಂದ ತೋಟಗಾರ್ಸ್ ಸೊಸೈಟಿ, ಅಂದರೆ ಅಡಿಕೆ ಬೆಳೆಗಾರರ ಸಹಕಾರಿ ಸಂಘ, ಇದೆ. ಬೆಳೆಗಾರ ಅಡಿಕೆ ತಂದು ಹಾಕುತ್ತಾನೆ. ಟೆಂಡರ್ ಆಗುತ್ತದೆ. ರಾಶಿಯೋ ಚಾಲಿಯೋ, ಆ ಬಗೆಯ ಅಡಿಕೆಗೆ ಬಂದ ದರದ ಪ್ರಕಾರ ಹಣ ಅವನ ಖಾತೆಗೆ ಜಮಾ. ಅಲ್ಲೇ ಅಕ್ಕಿ, ಬೆಲ್ಲ, ಗೊಬ್ಬರ ಒಯ್ದರೆ ಅದು ಅದೇ ಖಾತೆಗೆ ಖರ್ಚು. ಎಷ್ಟೋ ಸಲ ಒಂದು ನೋಟನ್ನೂ ಮುಟ್ಟದೆ ವ್ಯವಹಾರ ಮುಗಿಯುತ್ತದೆ. ಒಂದು ಸಾಲಿನಲ್ಲಿ ಅಂಕಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ, ಅಷ್ಟೇ. ಯುಪಿಐ ಮಾಡುವುದೂ ಇದನ್ನೇ. ವ್ಯತ್ಯಾಸ ಏನೆಂದರೆ ಇಲ್ಲಿ ಲೆಕ್ಕದ ಪುಸ್ತಕ ಒಂದಲ್ಲ, ನೂರಾರು.

ಕಾರವಾರದ ಮೀನು ಮಾರ್ಕೆಟ್ಟಿಗೆ ಬನ್ನಿ. ಮುನ್ನೂರು ರೂಪಾಯಿಯ ಬಾಂಗಡೆ ತಗೊಂಡು ಅಕ್ಕನ ಬುಟ್ಟಿಯ ಪಕ್ಕದ ಕ್ಯೂಆರ್‌ಗೆ ಫೋನ್ ಹಿಡಿದಿರಿ. ಆ ಚೌಕದಲ್ಲಿ ದುಡ್ಡಿಲ್ಲ, ಬರೀ ವಿಳಾಸ ಇದೆ. ಜಪಾನಿನ ಡೆನ್ಸೋ ಕಂಪನಿಯವರು 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ ಚುಕ್ಕಿಗಳ ಚೌಕ ಅದು. ಅದರಲ್ಲಿ ಒಂದೇ ಮಾಹಿತಿಯನ್ನು ಲೆಕ್ಕದ ಜಾಣತನದಿಂದ ಹೆಚ್ಚುವರಿ ಚುಕ್ಕಿಗಳಲ್ಲೂ ಹೆಣೆದಿರುತ್ತಾರೆ. ಗಟ್ಟಿಯಾಗಿ ಹೆಣೆದದ್ದಾದರೆ ನೂರರಲ್ಲಿ ಮೂವತ್ತು ಪಾಲಿನಷ್ಟು ಹಾಳಾದರೂ ಓದಲು ಬರುತ್ತದೆ. ಮೀನಿನ ನೀರು ಸಿಡಿದು ಅಲ್ಲಲ್ಲಿ ಮಾಸಿದ ಹಾಳೆಯೂ ಕೆಲಸ ಮಾಡುವುದು ಇದಕ್ಕೇ. ಎಷ್ಟು ಸಲ ನೋಡಿದರೂ ನನಗೆ ಇದು ಖುಷಿ ಕೊಡುತ್ತದೆ.

ಈಗ ಪಿನ್ ಒತ್ತಿದಿರಿ. ಅದು ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೊರಡುತ್ತದೆ. ಆ್ಯಪ್‌ಗೆ ಅದು ಕಾಣುವುದಿಲ್ಲ, ಬೀಗ ಮುಚ್ಚಿದ ಲಕೋಟೆ ಒಯ್ಯುವ ಅಂಚೆಯವನ ಹಾಗೆ. ಲಕೋಟೆ ಆ್ಯಪ್‌ನ ಜೊತೆಗಾರ ಬ್ಯಾಂಕಿಗೆ, ಅಲ್ಲಿಂದ ಯುಪಿಐ ನಡೆಸುವ ಎನ್‌ಪಿಸಿಐ ಎಂಬ ನಡುಮನೆಗೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ. ನಿಮ್ಮ ಬ್ಯಾಂಕು ಸಹಿ ನೋಡಿ ಮುನ್ನೂರು ಕಳೆಯುತ್ತದೆ, 'ಆಯ್ತು' ಎನ್ನುತ್ತದೆ. ನಡುಮನೆಯವರು ಅಕ್ಕನ ಬ್ಯಾಂಕಿಗೆ ಹೇಳುತ್ತಾರೆ, ಅವರು ಮುನ್ನೂರು ಕೂಡುತ್ತಾರೆ. ಆಮೇಲೆ ದುಡ್ಡು ಬಂತೆಂದು ಹೇಳುವ ಅಕ್ಕನ ಪೆಟ್ಟಿಗೆ ಕೂಗುತ್ತದೆ. ಇಷ್ಟಕ್ಕೆ ಕೆಲವು ಸೆಕೆಂಡು.

ಹಾಗಾದರೆ ಎರಡು ಬ್ಯಾಂಕುಗಳ ನಡುವೆ ಆ ಮುನ್ನೂರು ಹೋಯಿತಾ? ಇನ್ನೂ ಇಲ್ಲ. ಇದಕ್ಕೆ ನಮ್ಮ ಮುಯ್ಯಾಳಿನ ಲೆಕ್ಕ ನೆನಪಿಸಿಕೊಳ್ಳಿ. ನಾನು ನಿಮ್ಮ ಗದ್ದೆಗೆ ಐದು ದಿನ ಬಂದೆ, ನೀವು ನನ್ನ ಗದ್ದೆಗೆ ನಾಲ್ಕು ದಿನ ಬಂದಿರಿ. ದಿನಾ ಸಂಜೆ ಕೂಲಿ ಕೊಟ್ಟು ತಗೊಳ್ಳುವುದಿಲ್ಲ. ಕೊನೆಗೆ ಉಳಿಯುವುದು ಒಂದು ದಿನದ ಬಾಕಿ. ಬ್ಯಾಂಕುಗಳೂ ಹೀಗೇ. ಈ ಬ್ಯಾಂಕಿನವರು ಆ ಬ್ಯಾಂಕಿನವರಿಗೆ 50 ಲಕ್ಷ ಕಳಿಸಿದರು, ಅತ್ತಲಿಂದ 48 ಲಕ್ಷ ಬಂತು ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನಲ್ಲಿರುವ ಅವರ ಖಾತೆಗಳ ನಡುವೆ ಸರಿಯುವುದು ಬರೀ ಎರಡು ಲಕ್ಷ. ದಿನಕ್ಕೆ ಹಲವು ಸಲ ಹೀಗೆ ಲೆಕ್ಕ ಚುಕ್ತಾ ಆಗುತ್ತದೆ. ಅಕ್ಕನಿಗೆ ಮಾತ್ರ ದುಡ್ಡು ಆಗಲೇ ಸಿಕ್ಕಿಯಾಗಿದೆ.

ಇದರಲ್ಲಿ ಆ್ಯಪ್ ಎಲ್ಲಿದೆ? ಬಾಗಿಲಲ್ಲಿ. ಹತ್ತರಲ್ಲಿ ಸುಮಾರು ಎಂಟು ಯುಪಿಐ ವ್ಯವಹಾರ ಫೋನ್‌ಪೇ, ಗೂಗಲ್ ಪೇ ಎಂಬ ಎರಡೇ ಬಾಗಿಲಿನಿಂದ ಬರುತ್ತದೆ. ತಿಜೋರಿ, ಪುಸ್ತಕ, ಸಹಿ ಪರೀಕ್ಷೆ ಎಲ್ಲ ಹಳೇ ಬ್ಯಾಂಕಿನದೇ. ಬ್ಯಾಂಕಿಗೆ ನಿಜವಾದ ನಷ್ಟ ಎಂದರೆ ಗ್ರಾಹಕನ ಮುಖ ಕಾಣದೇ ಹೋದದ್ದು. ಯಾರಿಗೆ ಏನು ಬೇಕು, ಯಾರ ವ್ಯಾಪಾರ ಹೇಗೆ ನಡೆದಿದೆ ಎನ್ನುವುದು ಬಾಗಿಲಲ್ಲಿ ಕೂತವನಿಗೆ ಮೊದಲು ತಿಳಿಯುತ್ತದೆ. ಎಷ್ಟೋ ಬ್ಯಾಂಕುಗಳು ತಮ್ಮದೇ ಆ್ಯಪ್ ಮಾಡಿವೆ.

ಒಳಗಿನ ಬದಲಾವಣೆ ಇದಕ್ಕಿಂತ ಕಷ್ಟದ್ದು. ಮೊದಲು ಕುಮಟಾ ಶಾಖೆಯ ಲೆಡ್ಜರು ಕುಮಟಾದಲ್ಲೇ. ಅಂಕೋಲಾದಲ್ಲಿ ನಿಂತು ಅದರಿಂದ ಹಣ ತೆಗೆಯಲು ಆಗುತ್ತಿರಲಿಲ್ಲ. ಕೋರ್ ಬ್ಯಾಂಕಿಂಗ್ ಬಂದು ಎಲ್ಲ ಶಾಖೆಗಳ ಲೆಕ್ಕ ಒಂದು ಕಡೆ ಸೇರಿತು. ಆದರೂ ಸಂಜೆ ಬಾಗಿಲು ಹಾಕಿ ದಿನದ ಲೆಕ್ಕ ಮುಗಿಸುವ ಅಭ್ಯಾಸ ಉಳಿದಿತ್ತು. ಯುಪಿಐ ಸಂಜೆಯನ್ನೇ ಇಲ್ಲವಾಗಿಸಿತು. 2016ರಲ್ಲಿ 21 ಬ್ಯಾಂಕುಗಳೊಂದಿಗೆ ಶುರುವಾದದ್ದು 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವ್ಯವಹಾರ ದಾಟಿತು. ಒಂದು ಚಹಾದ ಹತ್ತು ರೂಪಾಯಿಗೂ ದೊಡ್ಡ ಪುಸ್ತಕ ತೆರೆಯಬೇಕು ಅಂದರೆ ಯಾವ ಯಂತ್ರವೂ ಸುಸ್ತಾಗುತ್ತದೆ. 'ಬ್ಯಾಂಕ್ ಸರ್ವರ್ ಬ್ಯುಸಿ' ಎಂದು ಬರುವುದು ಇಂಥ ಹೊತ್ತಿನಲ್ಲೇ. ಅದಕ್ಕಾಗಿ 2022ರಲ್ಲಿ ಯುಪಿಐ ಲೈಟ್ ತಂದರು: ಸ್ವಲ್ಪ ಹಣ ಬೇರೆ ಎತ್ತಿಟ್ಟು, ಸಣ್ಣ ಖರ್ಚನ್ನು ಪಿನ್ ಇಲ್ಲದೆ ಅದರಲ್ಲೇ ಕಳೆಯುವುದು. ಅಂಗಿ ಜೇಬಿನ ಚಿಲ್ಲರೆಗೆ ಕಪಾಟಿನ ಬೀಗ ತೆಗೆಯುವುದಿಲ್ಲವಲ್ಲ, ಹಾಗೆ.

ಬ್ಯಾಂಕು ಜನರ ಬಾಗಿಲಿಗೆ ಹೋಗುವುದು ನಮ್ಮ ಕರಾವಳಿಗೆ ಹೊಸತೂ ಅಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಶುರು ಮಾಡಿತ್ತು. ಏಜೆಂಟ್ ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ಹೋಗಲಿಲ್ಲ. ಶಿರಸಿ ಪೇಟೆಯಲ್ಲಿ ನಮ್ಮ ಪರಿಚಯದ ಕಿರಾಣಿ ಅಂಗಡಿಗೆ ಈಗಲೂ ಸಂಜೆ ಒಬ್ಬರು ಸೊಸೈಟಿಯಿಂದ ಬರುತ್ತಾರೆ. ಮೊದಲು ಕೈಯಲ್ಲಿ ಹಳದಿ ಕಾರ್ಡು ಇರುತ್ತಿತ್ತು, ಈಗ ಅಂಗೈ ಅಗಲದ ಯಂತ್ರ. ಅವರು ಬೈಕ್ ಹತ್ತುವ ಮೊದಲೇ ಅಂಗಡಿಯವರ ಫೋನಿಗೆ ಜಮಾ ಆದ ಮೆಸೇಜು ಬಂದಿರುತ್ತದೆ. ಅದಕ್ಕೆ ಯಾವ ಪಿನ್ನನ್ನೂ ಅಂಗಡಿಯವರು ಹಾಕಿರುವುದಿಲ್ಲ. ಮೊನ್ನೆ ಚಿಕ್ಕಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದೆ.